ಕಮಾನಿನ ಮೇಲೆ ಯಾರ ಹೆಸರು

ಬಣ್ಣದ ಕಾರ್ಖಾನೆಯ ಹೊಲಸು ಹರಿದು ಕೆಳಗಿನ ಓಣಿಯ ಬಾವಿ ಕೆಟ್ಟಿತ್ತು. ನ್ಯಾಯಾಲಯದಲ್ಲಿ ರಾಜಿಯಾಗಿ ಕಾರ್ಖಾನೆಯವರು ಊರಿಗೆ ಪರಿಹಾರ ಕೊಟ್ಟರು. ಪಂಚಾಯಿತಿ ಅಧ್ಯಕ್ಷ ಬಾಪುಗೌಡರು ಆ ಹಣದಲ್ಲಿ ತಮ್ಮ ಹೆಸರಿನ ಕಮಾನು ಕಟ್ಟಿಸಲು ಹೊರಟರು.

"ಯಾರದರ ತಕರಾರು ಐತೇನು?" ಎಂದು ಗ್ರಾಮಸಭೆಯಲ್ಲಿ ಗುಡುಗಿದರು.

ಪಂಚಾಯಿತಿ ಕಚೇರಿಯ ಕಸ ಗುಡಿಸುವ ದ್ಯಾಮವ್ವ ಎದ್ದಳು. ಅವಳ ಮನೆ ಕೆಳಗಿನ ಓಣಿಯಲ್ಲಿತ್ತು. ಆ ಬಾವಿಯ ನೀರು ಕುಡಿದೇ ಅವಳ ಸೊಸೆ ಎರಡು ಸಲ ಆಸ್ಪತ್ರೆ ಸೇರಿದ್ದಳು.

"ತಕರಾರಲ್ರೀ ಗೌಡ್ರ, ಕಮಾನು ಆಗಲಿ. ಆದ್ರ ನಮ್ಮೂರ ಪದ್ಧತಿ ಬಿಡಬ್ಯಾಡ್ರಿ. ನಿಮ್ಮ ತಲಿ ಮ್ಯಾಲಿನ ಫ್ಯಾನ್ ನೋಡ್ರಿ. ಮೂರೂ ರೆಕ್ಕಿ ಮ್ಯಾಲೆ ಕೊಟ್ಟವರ ಹೆಸರೈತಿ. ಈ ರೊಕ್ಕ ಕೊಟ್ಟಾವ ಕಾರ್ಖಾನಿ ಮಾಲಕ. ಕಮಾನಿನ ಮ್ಯಾಲೆ ಅವನ ಹೆಸರ ಬರಸ್ರಿ."

"ಹೌದ್ಹೌದು, ಪದ್ಧತಿ ಅಂದ್ರ ಪದ್ಧತಿ!" ಎಂದು ಸಭೆ ನಕ್ಕಿತು.

ಕಾರ್ಖಾನೆಯನ್ನು ಬೈದೇ ಚುನಾವಣೆ ಗೆದ್ದಿದ್ದ ಗೌಡರು ಬೆವರಿದರು. "ಅವನ ಹೆಸರಿನ ಕೆಳಗ ನಾ ದಿನಾ ಹಾದು ಹೋಗ್ಲೇನು? ಅದು ಯಾರ ಕಣ್ಣಿಗೂ ಬೀಳಬಾರದು!"

"ಹಂಗಾದ್ರ ನೆಲದಾಗ ಹುಗಿಯೂವಂಥಾದ್ದು ಮಾಡಸ್ರಿ. ಮ್ಯಾಲಿನ ಟ್ಯಾಂಕಿನಿಂದ ನಮ್ಮ ಓಣಿಗೆ ಪೈಪು ಎಳಸ್ರಿ. ಹೆಸರು ಪೈಪಿನ ಮ್ಯಾಲಿರಲಿ."

ಗೌಡರು ಕೂಡಲೇ ಒಪ್ಪಿದರು. ಹೆಸರು ಬರೆಸುವ ಕೆಲಸವನ್ನು ದ್ಯಾಮವ್ವನಿಗೇ ಬಿಟ್ಟು, ಪೈಪು ಹಾಕಿದ ದಿನ ತಾವೇ ಮುಂದೆ ನಿಂತು ಮಣ್ಣು ಮುಚ್ಚಿಸಿದರು.

ಅಂದು ಸಂಜೆ ಓಣಿಯ ನಲ್ಲಿಯಲ್ಲಿ ತಿಳಿನೀರು ಬಂತು. ಸೊಸೆ ಬೊಗಸೆಯೊಡ್ಡಿ ಸಾಕೆನ್ನುವಷ್ಟು ಕುಡಿದಳು. ಗೌಡರು ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಖರೇನ ಹೆಸರು ಬರಸೀಯೇನು?"

"ಸಂಶಯ ಇದ್ರ ಅಗದು ನೋಡ್ರಿ," ಎಂದು ದ್ಯಾಮವ್ವ ನಲ್ಲಿಗೆ ಕೊಡ ಹಿಡಿದಳು.