ಬಾಲವಿದ್ದಾಗ ಬರೆದ ಪಟ್ಟಿ

ಕಪ್ಪೆಗಳ ಶಾಲೆಯಲ್ಲಿ ಹೆಡ್ಮೇಷ್ಟ್ರು ಒಂದೇ ಒಂದು ದಿನ ಪರೀಕ್ಷೆ ಇಟ್ಟರು. ಕಲ್ಲೊಂದನ್ನು ಹಾರಿ ದಾಟಿದವರಿಗೆ ಕೆರೆಯಲ್ಲಿ ಬೀಜಗಣಿತ, ಹಾರದವರಿಗೆ ದಡದ ಹೊಂಡದಲ್ಲಿ ಕೂಡುವ ಕಳೆಯುವ ಲೆಕ್ಕ. ತಡವಾಗಿ ಹುಟ್ಟಿ, ಇನ್ನೂ ಕಾಲು ಮೂಡದ ಗೊದಮೊಟ್ಟೆಯೊಂದು ಹೊಂಡದ ಪಾಲಾಯಿತು.

ತಿಂಗಳು ಕಳೆಯಿತು. ಹೊಂಡದ ನೀರು ಇಂಗುತ್ತಿತ್ತು. ಕಾಲು ಬಂದ ಮರಿ ಚಡಪಡಿಸುತ್ತ ಹೊರಬಂದು, ಅದೇ ಕಲ್ಲನ್ನು ಮೂರು ಸಲ ಹಾರಿತು.

"ಸಾರ್, ನನ್ನನ್ನು ಕೆರೆಗೆ ಸೇರಿಸಿಕೊಳ್ಳಿ."

ಹೆಡ್ಮೇಷ್ಟ್ರು ಪರೀಕ್ಷೆಯ ದಿನ ಬರೆದ ಪಟ್ಟಿ ನೋಡಿದರು. "ಆಗದು. ಇದರಲ್ಲಿ ನಿನಗೆ ಕಾಲೇ ಇಲ್ಲ."

"ಕಣ್ಣೆದುರಿಗೇ ಇದೆಯಲ್ಲ ಸಾರ್!"

"ಕಣ್ಣನ್ನು ನಂಬಿದರೆ ಶಾಲೆ ನಡೆಯುತ್ತದೆಯೇ?"

"ನಿಮಗೆ ಬಾಲವಿದ್ದಾಗಲೂ ಯಾರಾದರೂ ಹೀಗೆ ಪಟ್ಟಿ ಬರೆದಿದ್ದರೆ, ಇವತ್ತು ನೀವು ಎಲ್ಲಿರುತ್ತಿದ್ದಿರಿ ಸಾರ್?"

ಹೆಡ್ಮೇಷ್ಟ್ರು ಬಾಲವಿದ್ದ ಜಾಗವನ್ನು ಹಿಂಗಾಲಿನಿಂದ ಮೆಲ್ಲಗೆ ಮುಟ್ಟಿ ನೋಡಿಕೊಂಡರು.