ಎರಡು ಗೆರೆ ಜಾಸ್ತಿ

ಸ್ಟೇಷನ್ ರಸ್ತೆಯ ಆಡಿಯೊ ಅಂಗಡಿಯ ಮಾಲೀಕ ವಿರೂಪಣ್ಣ ಹನ್ನೆರಡು ವರ್ಷ ಜನರ ಕಿವಿಗೆ ಮೋಸ ಮಾಡಿದ. ಅವನನ್ನು ಹಿಡಿದುಕೊಟ್ಟದ್ದು ಪೊಲೀಸರಲ್ಲ, ಓದಿದವರಲ್ಲ. ಒಬ್ಬ ಪೆದ್ದ.

ಪೆದ್ದನ ಹೆಸರು ಬಾಳ್ಯಾ. ಮೂವತ್ತು ದಾಟಿದೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ತಾಯಿ ತಿರಕವ್ವ ಅದೇ ಅಂಗಡಿಯ ಕಸ ಗುಡಿಸುತ್ತಿದ್ದಳು, ಇವನು ಪೆಟ್ಟಿಗೆ ಹೊರುತ್ತಿದ್ದ. ಇಬ್ಬರೂ ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಇವನಿಗೆ ಬುದ್ಧಿ ಯಾವಾಗ ಬರುತ್ತದೋ ಎಂದು ಅವಳು ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ದಿನ ಮಾಲೀಕ, ಆಂಪ್ಲಿಫೈಯರ್ ಮೇಲೆ ಧೂಳು ಕೂರಬಾರದು ಎಂದ. ಬಾಳ್ಯಾ ತಾಯಿಯ ಕಂಬಳಿ ತಂದು ಹೊದಿಸಿದ. ಹಾಡುತ್ತಿದ್ದ ಆಂಪ್ಲಿಫೈಯರ್ ಕಾದು ಕಾದು ಸುಟ್ಟ ವಾಸನೆ ಬಂತು, ಹಾಡು ನಿಂತಿತು. ಮಾಲೀಕ ಬೈದ. ಬಿಸಿಯಾಗುವುದಕ್ಕೆ ಹೊದಿಕೆ ಹಾಕಬಾರದು, ಗಾಳಿ ಆಡಬೇಕು ಎಂದ. ಇನ್ನೊಂದು ತಪ್ಪಾದರೆ ಕೋಣೆಗೆ ಬೀಗ, ತಾಯಿ ಮಗ ಬೀದಿಗೆ ಎಂದ.

ಮರುದಿನ ತಿರಕವ್ವನಿಗೆ ಜ್ವರ. ಬಾಳ್ಯಾ ಹಣೆ ಮುಟ್ಟಿ ನೋಡಿದ. ಬಿಸಿ. ಕಂಬಳಿ ಕಿತ್ತ. ಕಿಟಕಿ ತೆಗೆದ. ಫ್ಯಾನು ತಂದು ಹಚ್ಚಿದ. ಮುದುಕಿ ಗಡಗಡ ನಡುಗುತ್ತ ಬೈದಳು, ಅತ್ತಳು, ಕೊನೆಗೆ ಬುದ್ಧಿ ಹೇಳಿದಳು.

"ನನ್ನಪ್ಪಾ, ಏನ ಮಾಡೂದಿದ್ರೂ ಮೊದಲ ಎದುರಿಗಿದ್ದವರಿಗೆ ಹೇಳು. ಅವರು ಹೂಂ ಅಂದ್ರ ಮಾಡು."

ಆ ವಾರವೇ ಫಕೀರಪ್ಪ ಮಾಸ್ತರರು ಅಂಗಡಿಗೆ ಬಂದರು. ಅವರ ಹೆಂಡತಿಗೆ ಸಿನಿಮಾ ಅಂದರೆ ಪ್ರಾಣ. ಆಕೆಯ ಕಣ್ಣು ಹೋಗಿತ್ತು. ಇನ್ನು ಕಿವಿಯಿಂದಲೇ ನೋಡಬೇಕು. ಅದಕ್ಕೇ ಮನೆಗೆ ಹೋಮ್ ಥಿಯೇಟರ್ ಮಾಡಿಸಲು ಹೊರಟಿದ್ದರು. ಮಾಲೀಕ ಎರಡು ಆಂಪ್ಲಿಫೈಯರ್ ಇಟ್ಟ. ಒಂದು ದುಬಾರಿ, ಇನ್ನೊಂದು ದೊಡ್ಡದು, ಅದರ ಎರಡು ಪಟ್ಟು ದುಬಾರಿ. ಅದೇ ಹಾಡು, ಅದೇ ಸ್ಪೀಕರ್. ಕಣ್ಣು ಮುಚ್ಚಿಕೊಂಡು ಕೇಳಿ, ನಿಮ್ಮ ಕಿವಿಯೇ ಹೇಳುತ್ತದೆ ಎಂದ.

ಎರಡನೆಯದು ಹಾಡುವಾಗ ಸದ್ದಿನ ಗುಂಡಿಯನ್ನು ಎರಡು ಗೆರೆ ಜಾಸ್ತಿ ತಿರುವು ಎಂದು ಬಾಳ್ಯಾನಿಗೆ ಮೊದಲೇ ಹೇಳಿಟ್ಟಿದ್ದ. ತುಸು ಜೋರಾಗಿ ಕೇಳಿದ್ದು ತುಸು ಚೆನ್ನಾಗಿ ಕೇಳಿದಂತೆ ಅನಿಸುತ್ತದೆ. ವಿರೂಪಣ್ಣನ ವ್ಯಾಪಾರ ನಿಂತದ್ದೇ ಅದರ ಮೇಲೆ.

ಮೊದಲನೆಯದು ಹಾಡಿ ಮುಗಿಯಿತು. ಮಾಲೀಕ ಸನ್ನೆ ಮಾಡಿದ. ಬಾಳ್ಯಾ ಗುಂಡಿಗೆ ಕೈ ಹಾಕಿದ. ತಾಯಿಯ ಮಾತು ನೆನಪಾಯಿತು.

"ಮಾಸ್ತರ್ರ, ಈ ದೊಡ್ಡದಕ್ಕ ಎರಡು ಗೆರಿ ಜಾಸ್ತಿ ತಿರುವು ಅಂತ ಧಣ್ಯಾರು ಹೇಳ್ಯಾರ. ತಿರುವ್ಲಿ?"

ಮಾಸ್ತರರು ಕಣ್ಣು ತೆರೆದರು.

"ಬ್ಯಾಡ. ಎರಡೂ ಒಂದ ಗೆರಿಗೆ ಇಡು."

ಇಟ್ಟ. ಮಾಸ್ತರರು ಮತ್ತೆ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ಮಾಲೀಕನಿಗೆ ಕಣ್ಣು ಮುಚ್ಚಲು ಹೇಳಿದರು. ಯಾವುದು ಯಾವುದೆಂದು ಇವರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ವಿರೂಪಣ್ಣ ಬಾಳ್ಯಾನ ಕೊರಳಪಟ್ಟಿ ಹಿಡಿದ. "ನನ್ನ ಮಾನ ಕಳದಿ. ಇನ್ನೇನು ಉಳದೈತಿ? ಹೋಗು, ಮೈಕ್ ಹಚ್ಚಿ ಊರಿಗೆಲ್ಲ ಸಾರು ಹೋಗು."

ಬಾಳ್ಯಾ ಹೋದ. ದೊಡ್ಡ ಆಂಪ್ಲಿಫೈಯರಿಗೆ ಮೈಕ್ ಹಚ್ಚಿದ. ಸ್ಪೀಕರನ್ನು ಎತ್ತಿ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ಇಟ್ಟ. ಮಾಸ್ತರರ ಕಡೆ ತಿರುಗಿ, ಊರಿಗೆಲ್ಲ ಹೇಳಲೇ ಎಂದು ಕೇಳಿದ.

"ಹೂಂ," ಅಂದರು ಮಾಸ್ತರರು.

ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಎರಡು ಗೆರೆ ಜಾಸ್ತಿಯೇ ಇಟ್ಟಿದ್ದ.

ಈಗ ಕೋಣೆಗೆ ಬೀಗ ಬಿದ್ದಿದೆ. ತಿರಕವ್ವ ಜ್ವರದಲ್ಲಿ ಅದೇ ಕಂಬಳಿ ಹೊದ್ದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಪೆದ್ದನನ್ನು ನೋಡಿ ನಕ್ಕಿರಲ್ಲ, ಸಾಕು. ನಾಳೆ ಬೆಳಿಗ್ಗೆ ಆ ಅಂಗಡಿಗೆ ಹೋಗಿ. ಗುಂಡಿಯನ್ನು ನಿಮ್ಮ ಕೈಯಿಂದಲೇ ತಿರುವಿ ಕೇಳಿ. ವಿರೂಪಣ್ಣ ಆ ಬೀಗ ತೆಗೆಯುವ ತನಕ ಮೆಟ್ಟಿಲು ಇಳಿಯಬೇಡಿ.