ಲಾಗ್ ಎರಡರ ಬೆನ್ನು ಹತ್ತಿದ ಮಾಸ್ತರರು

ಗಜೇಂದ್ರಗಡದ ಮುರಿಗೆಪ್ಪ ಮಾಸ್ತರರು ನಿವೃತ್ತರಾದ ಮೇಲೆ ಒಂದೇ ಲೆಕ್ಕ ಹಿಡಿದು ಕೂತರು. ಹತ್ತನ್ನು ಎಷ್ಟನೇ ಘಾತಕ್ಕೆ ಏರಿಸಿದರೆ ಎರಡು ಬರುತ್ತದೆ? ಆ ಸಂಖ್ಯೆಯೇ ಲಾಗ್ ಎರಡು: 0.30102999566... ಅದರ ದಶಮಾಂಶ ಎಲ್ಲಿಯೂ ನಿಲ್ಲುವುದಿಲ್ಲ, ಅಂಕಿಗಳ ಒಂದೇ ಸಾಲು ಮರುಕಳಿಸುತ್ತಾ ಹೋಗುವುದೂ ಇಲ್ಲ; ಪೂರ್ಣಾಂಕಗಳಿಂದ ಕಟ್ಟಿದ ಯಾವ ಬೀಜಗಣಿತ ಸಮೀಕರಣಕ್ಕೂ ಉತ್ತರವಾಗದ 'ಬೀಜಾತೀತ' ಸಂಖ್ಯೆ ಅದು ಎಂದು ಗಣಿತದ ಪುಸ್ತಕವೊಂದರಲ್ಲಿತ್ತು. ಆದರೆ ಅದನ್ನು ಅಲ್ಲಿ ಸಾಧಿಸಿ ತೋರಿಸಿದ ಬಗೆ ಮಾಸ್ತರರಿಗೆ ಅರ್ಥವಾಗಲಿಲ್ಲ.

"ಯಾರೋ ಬರೆದ್ರ ಆತೇನು? ನಾನೇ ಮಾಡಿ ನೋಡ್ತೀನಿ" ಎಂದರು.

ಒಂಬತ್ತು ವರ್ಷ ಗುಣಿಸಿದರು, ಭಾಗಿಸಿದರು. ನೋಟ್‌ಬುಕ್ಕುಗಳು ಕಪಾಟು ತುಂಬಿದವು. ಒಂದು ದಿನ 3, 0, 1, 0 ಎಂಬ ಮೊದಲಿನ ಅಂಕಿಗಳೇ ಮತ್ತೆ ಕಾಣಿಸಿದವು. ಸಾಲು ಮತ್ತೆ ಮೊದಲಿನಿಂದ ಶುರುವಾಯಿತೆಂದು ಮಾಸ್ತರರು ಎದ್ದು ಕುಣಿದಾಡಿದರು. ಭಾನುವಾರ ಗ್ರಂಥಾಲಯದಲ್ಲಿ ಸಭೆ ನಿಗದಿಯಾಯಿತು. 'ಲಾಗ್ ಎರಡು ಮರುಕಳಿಸುತ್ತದೆ' ಎಂದು ಊರಿಗೆಲ್ಲ ಸಾರುವುದೆಂದಾಯಿತು.

ಅವರ ಹಳೆಯ ಶಿಷ್ಯೆ ಜುಬೇದಾ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸುದ್ದಿ ಅವಳ ಕಿವಿಗೂ ಬಿತ್ತು. ಗುರುಗಳು ತಪ್ಪುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಒಂಬತ್ತು ವರ್ಷದ ದುಡಿಮೆಗೆ ಪೆಟ್ಟು. ಹೇಳದಿದ್ದರೆ ತುಂಬಿದ ಸಭೆಯಲ್ಲಿ ಅವರು ನಗೆಪಾಟಲು. ಶನಿವಾರ ಶಾಲೆ ಬಿಟ್ಟವಳೇ ಅವರ ಮನೆಗೆ ಹೋದಳು.

"ಮಾಸ್ತರ್, ಅದು ಎಂದೂ ಮರುಕಳಿಸೂದಿಲ್ರಿ."

ಮಾಸ್ತರರ ಮುಖ ಕೆಂಪಾಯಿತು. "ನೀ ಎಷ್ಟು ಅಂಕಿ ಮಾಡಿ ನೋಡೀಯವಾ?"

"ಒಂದೂ ಇಲ್ರಿ. ಮರುಕಳಿಸೂ ದಶಮಾಂಶ ಅಂದ್ರ ಭಿನ್ನರಾಶಿ, ಹೌದಲ್ರಿ? ಲಾಗ್ ಎರಡು 3/10 ಅನ್ನೂ ಭಿನ್ನರಾಶಿ ಆಗಿದ್ರ, ಹತ್ತು ಎರಡುಗಳನ್ನ ಗುಣಿಸಿದ್ದು ಮೂರು ಹತ್ತುಗಳನ್ನ ಗುಣಿಸಿದ್ದಕ್ಕ ಸಮ ಆಗತಿತ್ತು. ಹಂಗ ಯಾವ ಭಿನ್ನರಾಶಿ ಆದ್ರೂ, ಬರೀ ಎರಡುಗಳನ್ನ ಗುಣಿಸ್ತಾ ಹೋದಾಗ ಎಲ್ಲೋ ಒಂದು ಕಡೆ ಬರೀ ಹತ್ತುಗಳ ಗುಣಲಬ್ಧ ಸಿಗಬೇಕು. ಅಂದ್ರ ಕಡೀಗೆ ಸೊನ್ನಿ ಬರಬೇಕು. ನೋಡ್ರಿ: ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಕಡೀ ಅಂಕಿ ಎರಡು, ನಾಲ್ಕು, ಎಂಟು, ಆರು, ಮತ್ತ ಎರಡು. ಸೊನ್ನಿ ಎಲ್ಲಿ ಬಂತ್ರಿ?"

ಮಾಸ್ತರರು ಪೆನ್ಸಿಲ್ ಹಿಡಿದರು. ಅರವತ್ನಾಲ್ಕು, ನೂರಿಪ್ಪತ್ತೆಂಟು, ಇನ್ನೂರೈವತ್ತಾರು... ಕೈ ನಿಂತಿತು. ಕಪಾಟಿನ ಕಡೆ ಒಮ್ಮೆ ನೋಡಿ ಪೆನ್ಸಿಲ್ ಕೆಳಗಿಟ್ಟರು.

"ನಾಳೆ ಸಭೆಗೆ ತಪ್ಪದ ಬಾ" ಎಂದಷ್ಟೇ ಹೇಳಿದರು.

ಭಾನುವಾರ ಗ್ರಂಥಾಲಯದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮಾಸ್ತರರು ಎದ್ದು ನಿಂತರು.

"ನಾ ಹೇಳಬೇಕಂದದ್ದು ತಪ್ಪು. ಖರೇ ಏನಂತ ನನ್ನ ಶಿಷ್ಯೆ ತೋರಿಸ್ತಾಳ" ಎಂದು ಜುಬೇದಾಳ ಕೈಗೆ ಸೀಮೆಸುಣ್ಣ ಕೊಟ್ಟು, ತಾವು ಮುಂದಿನ ಬೆಂಚಿನಲ್ಲಿ ವಿದ್ಯಾರ್ಥಿಯಂತೆ ಕೂತರು.

ಅವಳು ನಾಲ್ಕು ಸಾಲು ಬರೆದು ಮುಗಿಸುತ್ತಿದ್ದಂತೆ ಮೊದಲು ಚಪ್ಪಾಳೆ ತಟ್ಟಿದವರು ಮಾಸ್ತರರೇ. "ಕೊನೆಯಿಲ್ಲದ್ದನ್ನ ನಾ ಒಂಬತ್ತು ವರ್ಷ ಎಣಿಸಿದೆ. ಈಕಿ ನಾಲ್ಕು ಸಾಲಿನಾಗ ಗೆದ್ದಳು!" ಎಂದು ಕೂಗಿದರು. ಇಡೀ ಸಭೆ ಎದ್ದು ನಿಂತಿತು. ಆ ಗದ್ದಲದಲ್ಲೇ ಅವರು ಅವಳ ಹತ್ತಿರ ಬಾಗಿ, "ಬೀಜಾತೀತ ಅನ್ನೂದನ್ನ ಸಾಧಿಸೂದು ಇನ್ನೂ ಉಳದೈತಿ. ಸೋಮವಾರದಿಂದ ಇಬ್ರೂ ಕೂಡಿ ಓದೋಣು" ಎಂದರು.

ನೀತಿ: ಗುರುವಿಗೆ ನಿಜ ಹೇಳುವುದೇ ಶಿಷ್ಯರು ತೋರುವ ದೊಡ್ಡ ಗೌರವ. ಅದನ್ನು ಎಲ್ಲರೆದುರು ಒಪ್ಪಿಕೊಳ್ಳುವ ಗುರುವಿಗೆ ಸೋಲೆಂಬುದಿಲ್ಲ.